ಶಾಂತವಾಗಿ ಮುಗಿದ ಸಭೆಗಳ ಬಗ್ಗೆ

ಗಲಭೆಯಾಗಿ, ಕೇಸುಗಳು ದಾಖಲಾಗಿ, ಬಂದೋಬಸ್ತಿಗೆ ಬಂದ ಪೊಲೀಸರು ಹಿಂದಿರುಗಿದ ಕೆಲವು ತಿಂಗಳ ನಂತರ ಎರಡೂ ಕಡೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಮಾತಾಡಿಸುವ ಸಭೆಗಳಿಗೆ ನಾನು ಹಲವು ಬಾರಿ ಹೋಗಿದ್ದೇನೆ. ಅವುಗಳಲ್ಲಿ ಕೂಗಾಟವಾಗಿ ಅರ್ಧಕ್ಕೆ ನಿಂತವು ನನ್ನನ್ನು ಅಷ್ಟಾಗಿ ಕಾಡಿಲ್ಲ. ಬಹಳ ಚೆನ್ನಾಗಿ ನಡೆಯಿತೆಂದು ಎಲ್ಲರೂ ಹೊಗಳಿದ ಒಂದು ಸಭೆ ಮಾತ್ರ ಇಂದಿಗೂ ಕಾಡುತ್ತದೆ. ಅಲ್ಲಿ ನನಗೆ ಟಿಪ್ಪಣಿ ಬರೆದುಕೊಳ್ಳುವ ಕೆಲಸವಿತ್ತು. ಎರಡೂ ಸಮುದಾಯಗಳ ಹಿರಿಯರು ಸರದಿಯಂತೆ ಮಾತಾಡಿದರು, ಯಾರೂ ಯಾರನ್ನೂ ದೂರಲಿಲ್ಲ, ಹುಡುಗರನ್ನು ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಬೇಕೆಂದು ಎಲ್ಲರೂ ಒಪ್ಪಿದರು, ಕೊನೆಗೆ ಕೈಕುಲುಕಿ ಫೋಟೊಕ್ಕೆ ನಿಂತರು. ಕೋಣೆ ಖಾಲಿಯಾಗುತ್ತಿದ್ದಾಗ, ಆ ಗಲಭೆಯಲ್ಲಿ ಮನೆ ಕಳೆದುಕೊಂಡಿದ್ದ ಮಹಿಳೆಯೊಬ್ಬರು ನನ್ನ ಬಳಿ ಬಂದು, ಸಿಟ್ಟಾಗಲಿ ಅಳುವಾಗಲಿ ಇಲ್ಲದ ದನಿಯಲ್ಲಿ, "ಎಲ್ಲರೂ ತುಂಬಾ ಚೆನ್ನಾಗಿ ಮಾತಾಡಿದರು ಸರ್. ನನ್ನ ಮನೆ ಸುಟ್ಟಿದ್ದು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ" ಅಂದರು.

ನನ್ನ ಟಿಪ್ಪಣಿಗಳನ್ನು ತಿರುವಿ ನೋಡಿದರೆ ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. 'ಆ ಘಟನೆ', 'ಆಗಬಾರದ್ದು', 'ಆಗಿಹೋದದ್ದು' ಎಂಬ ಮಾತುಗಳು ಪುಟದ ತುಂಬ ಇದ್ದವು. ಏನಾಯಿತು, ಯಾರಿಗಾಯಿತು ಎಂಬುದು ಒಂದು ಸಾಲಿನಲ್ಲೂ ಇರಲಿಲ್ಲ. ಒಡೆದುಹೋದ ಸಮುದಾಯಗಳ ನಡುವೆ ಮಾತುಕತೆ ನಡೆಸಿಕೊಡುವ ಕೆಲಸದ ಬಗ್ಗೆ ಅಂದಿನಿಂದ ಯೋಚಿಸುತ್ತ, ಓದುತ್ತ, ಈ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಿದವರನ್ನು ಗಮನಿಸುತ್ತ ಬಂದಿದ್ದೇನೆ. ಸಮಾಧಾನಕ್ಕೆ ಅವಸರ ಮಾಡುವುದೆಂದರೆ ತಿಳಿದೋ ತಿಳಿಯದೆಯೋ ಒಂದು ಪಕ್ಷ ವಹಿಸಿದಂತೆಯೇ ಎಂಬ ನಂಬಿಕೆ ನನ್ನಲ್ಲಿ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗಿದೆ.

ಅವಸರ ಯಾರಿಗೆ

ಇಂಥ ಸಭೆಗಳು ಬಹುಪಾಲು 'ನಾವೆಲ್ಲ ಒಂದೇ' ಎಂಬ ಮಾತಿನಿಂದ ಆರಂಭವಾಗುತ್ತವೆ. ಭಿನ್ನತೆಗಳನ್ನು ಆಮೇಲೆ ನೋಡೋಣ, ಮೊದಲು ನಮ್ಮ ನಡುವೆ ಇರುವ ಸಮಾನ ಅಂಶಗಳನ್ನು ಗುರುತಿಸೋಣ ಎಂಬ ಈ ಆಹ್ವಾನದಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ಅದರ ಪರಿಣಾಮ ಎರಡೂ ಕಡೆಯವರ ಮೇಲೆ ಒಂದೇ ರೀತಿ ಆಗುವುದಿಲ್ಲವೆಂಬುದನ್ನು ತಮಾರ್ ಸಗೀ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅವರ ಪ್ರಯೋಗದಲ್ಲಿ ಎರಡು ಗುಂಪುಗಳಿದ್ದವು, ಮತ್ತು ಹಂಚಬೇಕಾದ ಅಂಕಗಳು ಯಾರಿಗೆ ಎಷ್ಟು ಎಂದು ತೀರ್ಮಾನಿಸುವ ಅಧಿಕಾರ ಒಂದು ಗುಂಪಿಗೆ ಮಾತ್ರ ಇತ್ತು. ಹಂಚಿಕೆಗೆ ಮೊದಲು ಕೆಲವರಿಗೆ ತಮ್ಮ ನಡುವಿನ ಸಾಮ್ಯಗಳ ಬಗ್ಗೆ ಮಾತಾಡಲು ಹೇಳಲಾಯಿತು, ಉಳಿದವರಿಗೆ ವ್ಯತ್ಯಾಸಗಳ ಬಗ್ಗೆ. ಸಾಮ್ಯಗಳ ಬಗ್ಗೆ ಮಾತಾಡಿದವರಲ್ಲಿ ಪರಸ್ಪರ ಒಲವು ಹೆಚ್ಚಿತು. ಅಧಿಕಾರವಿಲ್ಲದ ಗುಂಪಿನವರಲ್ಲಿ, ಇಷ್ಟು ಆತ್ಮೀಯವಾಗಿ ಮಾತಾಡಿದವರು ನಮಗೆ ನ್ಯಾಯವಾದ ಪಾಲು ಕೊಟ್ಟೇ ಕೊಡುತ್ತಾರೆ ಎಂಬ ನಿರೀಕ್ಷೆಯೂ ಮೂಡಿತು. ಹಂಚುವ ಹೊತ್ತು ಬಂದಾಗ ಅಧಿಕಾರವಿದ್ದವರ ಕೈ ಮೊದಲಿಗಿಂತ ಧಾರಾಳವಾಗಲಿಲ್ಲ. ಆತ್ಮೀಯತೆ ನಿಜವಾಗಿತ್ತು, ನ್ಯಾಯ ಮಾತ್ರ ಅದರ ಹಿಂದೆ ಬರಲಿಲ್ಲ.

ಅದೇ ಅಧ್ಯಯನದ ಇನ್ನೊಂದು ಭಾಗ ಇಸ್ರೇಲಿನ ಅರಬ್ ನಾಗರಿಕರಿಗೆ ಸಂಬಂಧಿಸಿದ್ದು. ಯಹೂದಿಗಳೊಂದಿಗೆ ಹೆಚ್ಚು ಸ್ನೇಹವಿದ್ದವರಲ್ಲಿ ಯಹೂದಿಗಳು ನ್ಯಾಯವಂತರೆಂಬ ಭಾವನೆ ಹೆಚ್ಚಾಗಿಯೂ, ಸಾಮಾಜಿಕ ಬದಲಾವಣೆಗೆ ಬೆಂಬಲ ಕಡಿಮೆಯಾಗಿಯೂ ಇದ್ದುದು ಅಲ್ಲಿ ಕಂಡುಬಂತು. ಸ್ನೇಹ ಬೇಡವೆಂದು ಇದರ ಅರ್ಥವಲ್ಲ. ಯಾರ ಬದುಕು ಇದ್ದ ಹಾಗೆಯೇ ಸಾಗಿದರೂ ತೊಂದರೆಯಿಲ್ಲವೋ ಅವರಿಗೆ ಶಾಂತಿಯೊಂದು ಸಾಕಾಗುತ್ತದೆ; ಯಾರ ಬದುಕು ಬದಲಾಗಲೇಬೇಕೋ ಅವರಿಗೆ ಶಾಂತಿಯ ಜೊತೆ ಇನ್ನೂ ಏನೋ ಬೇಕಾಗಿರುತ್ತದೆ. ಈ ಎರಡು ಅಗತ್ಯಗಳನ್ನು ಒಂದೇ ಎಂದು ಭಾವಿಸಿ ಸಭೆ ನಡೆಸಿದರೆ, ಎರಡನೆಯವರು ತಮ್ಮ ಸಂಕಟವನ್ನು ಹೇಳಿದ ಕೂಡಲೇ ಶಾಂತಿ ಕೆಡಿಸುವವರಂತೆ ಕಾಣತೊಡಗುತ್ತಾರೆ. ಅದನ್ನರಿತೇ ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಮತ್ತು ಆ ಮೌನವನ್ನು ನಾವು ಸಭೆಯ ಯಶಸ್ಸೆಂದು ವರದಿಯಲ್ಲಿ ಬರೆಯುತ್ತೇವೆ.

ಒಟ್ಟಿಗೆ ಆಡಿದವರು

ಜನ ಒಬ್ಬರನ್ನೊಬ್ಬರು ಹತ್ತಿರದಿಂದ ಕಂಡರೆ ದ್ವೇಷ ತಾನಾಗಿ ಕರಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲದೆ ಇಲ್ಲ. ಅಮೆರಿಕದ ಮನೋವಿಜ್ಞಾನಿ ಗೋರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದಕ್ಕೊಂದು ರೂಪ ಕೊಟ್ಟಿದ್ದ. ಆದರೆ ಅವನು ಷರತ್ತುಗಳನ್ನೂ ಹಾಕಿದ್ದ: ಕಲೆಯುವ ಎರಡೂ ಗುಂಪುಗಳಿಗೆ ಅಲ್ಲಿ ಸಮಾನ ಸ್ಥಾನವಿರಬೇಕು, ಗುರಿ ಒಂದೇ ಇರಬೇಕು, ಅದನ್ನು ಮುಟ್ಟಲು ಪರಸ್ಪರ ಸಹಕಾರ ಬೇಕಾಗಬೇಕು, ಆಳುವ ಸಂಸ್ಥೆ ಅಥವಾ ಕಾನೂನು ಆ ಭೇಟಿಯ ಬೆನ್ನಿಗೆ ನಿಂತಿರಬೇಕು. ಥಾಮಸ್ ಪೆಟಿಗ್ರೂ ಮತ್ತು ಲಿಂಡಾ ಟ್ರಾಪ್ 2006ರಲ್ಲಿ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪರಿಚಯದಿಂದ ಪೂರ್ವಗ್ರಹ ಕಡಿಮೆಯಾಗುವುದು ಸಾಮಾನ್ಯವಾಗಿ ನಿಜವೆಂದೂ, ಈ ಷರತ್ತುಗಳಿದ್ದರೆ ಪರಿಣಾಮ ಇನ್ನಷ್ಟು ಹೆಚ್ಚೆಂದೂ ತಿಳಿಯಿತು. ಆದರೆ ಕೆಳಗಿನ ಸ್ಥಾನದಲ್ಲಿರುವ ಗುಂಪಿನವರ ಮೇಲೆ ಪರಿಚಯದ ಪರಿಣಾಮ ಮೇಲಿನವರ ಮೇಲಾಗುವಷ್ಟು ಇರುವುದಿಲ್ಲವೆಂಬುದನ್ನೂ ಇವರಿಬ್ಬರೇ ಬೇರೊಂದು ಬರಹದಲ್ಲಿ ತೋರಿಸಿದ್ದಾರೆ. ಸಭೆ ಕರೆಯುವವರು ಈ ಎರಡನೆಯ ಮಾತನ್ನು ಎತ್ತುವುದನ್ನು ನಾನು ಹೆಚ್ಚಾಗಿ ಕೇಳಿಲ್ಲ.

ಪರಿಚಯ ಎಷ್ಟು ದೂರ ಹೋಗುತ್ತದೆ ಎಂಬ ಪ್ರಶ್ನೆಗೆ ನಾನು ಓದಿದ ಅತ್ಯಂತ ಪ್ರಾಮಾಣಿಕ ಉತ್ತರ ಇರಾಕಿನಿಂದ ಬಂದದ್ದು. ಐಸಿಸ್ ದಾಳಿಯಿಂದ ನೆಲೆ ತಪ್ಪಿದ್ದ ಕ್ರೈಸ್ತ ಆಟಗಾರರ ಹವ್ಯಾಸಿ ಫುಟ್‌ಬಾಲ್ ತಂಡಗಳಲ್ಲಿ ಕೆಲವಕ್ಕೆ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿ, ಸಂಶೋಧಕಿ ಸಲ್ಮಾ ಮೂಸಾ ಮುಸ್ಲಿಂ ಆಟಗಾರರನ್ನು ಸೇರಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಿಶ್ರ ತಂಡಗಳಲ್ಲಿ ಆಡಿದ ಕ್ರೈಸ್ತರು ಕ್ರೀಡಾಮನೋಭಾವದ ಪ್ರಶಸ್ತಿಗೆ ಬೇರೆ ತಂಡದ ಮುಸ್ಲಿಂ ಆಟಗಾರರಿಗೆ ಮತ ಹಾಕುವುದು ಹೆಚ್ಚಿತು, ಲೀಗ್ ಮುಗಿದು ಆರು ತಿಂಗಳಾದರೂ ಅವರು ಮುಸ್ಲಿಮರೊಂದಿಗೆ ಅಭ್ಯಾಸ ಮುಂದುವರಿಸುವುದೂ ಹೆಚ್ಚಾಗಿತ್ತು. ಆದರೆ ಮೈದಾನದಿಂದ ಆಚೆ, ಅಪರಿಚಿತ ಮುಸ್ಲಿಮರಿರುವ ಮೊಸುಲ್ ನಗರದ ಹೋಟೆಲಿಗೆ ಹೋಗುವುದು, ಎರಡೂ ಕಡೆಯವರು ಸೇರುವ ಸಮಾರಂಭಕ್ಕೆ ಬರುವುದು ಇಂಥವುಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಜೊತೆಗೆ ಆಡಿದವನ ಮೇಲೆ ಹುಟ್ಟಿದ ವಿಶ್ವಾಸ, ಅವನ ಜನರೆಲ್ಲರ ಮೇಲೆ ಹುಟ್ಟುವ ವಿಶ್ವಾಸವಾಗಲಿಲ್ಲ. ಇದರಿಂದ ಆ ಕೆಲಸದ ಬೆಲೆಯೇನೂ ಕಡಿಮೆಯಾಗುವುದಿಲ್ಲ; ಹಿಂಸೆಯಿಂದ ತತ್ತರಿಸಿದ ಜನ ಒಂದೇ ತಂಡದ ಬಣ್ಣ ತೊಟ್ಟು ಆಡಿದ್ದೇ ದೊಡ್ಡದು. ಆದರೆ ಒಂದು ದಿನದ ಕ್ರೀಡಾಕೂಟವನ್ನೋ ಸಹಭೋಜನವನ್ನೋ ನಡೆಸಿ ಊರು ಒಂದಾಯಿತೆಂದು ಹೇಳುವವರು ಈ ಫಲಿತಾಂಶವನ್ನು ಎರಡು ಸಲ ಓದಬೇಕು.

ಕೇಳಿಸಿಕೊಳ್ಳುವ ಸರದಿ

ಎರಡೂ ಕಡೆಯವರಿಗೆ ತಲಾ ಐದೈದು ನಿಮಿಷ ಕೊಡುವುದು ನ್ಯಾಯವೆಂದು ತೋರುತ್ತದೆ. ಗಡಿಯಾರ ಯಾರ ಪಕ್ಷವನ್ನೂ ವಹಿಸುವುದಿಲ್ಲ, ಹಾಗಾಗಿ ಸಂವಾದ ನಡೆಸಿಕೊಡುವವರಿಗೆ ಅದರ ಆಸರೆ ಬಹಳ ಹಿತವಾಗಿರುತ್ತದೆ. ಎಮಿಲ್ ಬ್ರೂನೊ ಮತ್ತು ರೆಬೆಕಾ ಸ್ಯಾಕ್ಸ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ಓದಿದ ಮೇಲೆ ಈ ಸಮಾನತೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಯಿತು. ಇಸ್ರೇಲಿಗಳು ಮತ್ತು ಪ್ಯಾಲೆಸ್ಟೀನಿಯರು, ಅರಿಜೋನಾದ ಬಿಳಿಯರು ಮತ್ತು ಮೆಕ್ಸಿಕೊದಿಂದ ವಲಸೆ ಬಂದವರು ಅಂತರ್ಜಾಲದ ಮೂಲಕ ಜೋಡಿಯಾಗಿ ಭಾಗವಹಿಸಿದ ಈ ಪ್ರಯೋಗಗಳಲ್ಲಿ, ಒಬ್ಬರು ತಮ್ಮ ಜನ ಅನುಭವಿಸುತ್ತಿರುವ ಕಷ್ಟವನ್ನು ಹೇಳಬೇಕಿತ್ತು, ಮತ್ತೊಬ್ಬರು ಅದನ್ನು ತಮ್ಮದೇ ಮಾತುಗಳಲ್ಲಿ ಸಂಗ್ರಹಿಸಿ ಹೇಳಬೇಕಿತ್ತು. ಬಲಾಢ್ಯ ಗುಂಪಿನವರಲ್ಲಿ ಎದುರಿನವರ ಬಗ್ಗೆ ಒಳ್ಳೆಯ ಭಾವನೆ ಬೆಳೆದದ್ದು ಅವರ ಮಾತನ್ನು ಕೇಳಿ ತಮ್ಮ ಬಾಯಲ್ಲಿ ಹೇಳಿದಾಗ. ದುರ್ಬಲ ಗುಂಪಿನವರಲ್ಲಿ ಅದು ಬೆಳೆದದ್ದು ತಾವು ಹೇಳಿದ್ದು ಎದುರಿನವರಿಗೆ ಮುಟ್ಟಿತೆಂದು ತಿಳಿದಾಗ. ಯೋಚಿಸಿ ನೋಡಿದರೆ ಇದರಲ್ಲಿ ಅಚ್ಚರಿಯೇನಿಲ್ಲ. ಅಧಿಕಾರವಿಲ್ಲದವರು ಅಧಿಕಾರವಿದ್ದವರ ಮನಸ್ಸನ್ನು ದಿನವೂ ಓದುತ್ತಲೇ ಇರುತ್ತಾರೆ, ಓದದಿದ್ದರೆ ಅವರ ಬದುಕು ನಡೆಯುವುದಿಲ್ಲ. ಅಂಥವರನ್ನು ಸಭೆಗೆ ಕರೆದು 'ಅವರ ದೃಷ್ಟಿಯಿಂದಲೂ ಸ್ವಲ್ಪ ನೋಡಿ' ಎನ್ನುವುದು, ಅವರು ಆಗಲೇ ಮಾಡಿ ಸುಸ್ತಾಗಿರುವ ಕೆಲಸವನ್ನೇ ಮತ್ತೊಮ್ಮೆ ವಹಿಸಿದಂತೆ.

ಕೇಳಿದ್ದನ್ನು ತಿರುಗಿ ಹೇಳುವ ಈ ಕ್ರಮ ಸಂವಾದದ ಕೆಲಸದಲ್ಲಿ ಹಳೆಯದು. ಹೇಳಿದವರು 'ಹೌದು, ನಾನು ಹೇಳಿದ್ದು ಅದನ್ನೇ' ಎನ್ನುವವರೆಗೆ ಕೇಳಿದವರು ತಮ್ಮ ಮಾತು ಆರಂಭಿಸುವಂತಿಲ್ಲ ಎಂಬುದು ಅದರ ನಿಯಮ. ಕೇಳಲು ಸರಳವಾಗಿರುವ ಈ ನಿಯಮ ಎಷ್ಟು ಕಠಿಣವಾದದ್ದೆಂದು ನಾನು ಕಣ್ಣಾರೆ ಕಂಡದ್ದು ಇನ್ನೊಂದು ಸಭೆಯಲ್ಲಿ. ಕಾಲೇಜಿನಲ್ಲಿ ಓದುತ್ತಿದ್ದ ಹುಡುಗನೊಬ್ಬ, ಗಲಭೆಯ ನಂತರ ತನ್ನ ಗೆಳೆಯರು ಹೇಗೆ ದೂರವಾದರೆಂದು ಹೇಳಿದ. ಎದುರಿಗೆ ಕೂತಿದ್ದ, ಬಹುಸಂಖ್ಯಾತ ಸಮುದಾಯದ ನಿವೃತ್ತ ನೌಕರರೊಬ್ಬರು ಅದನ್ನು ತಿರುಗಿ ಹೇಳಬೇಕಿತ್ತು. ಒಳ್ಳೆಯ ಮನಸ್ಸಿನವರು, ಹುಡುಗನ ಮೇಲೆ ಅವರಿಗೆ ನಿಜವಾಗಿ ಮರುಕವಿತ್ತು.

"ನಿನಗೆ ಬೇಜಾರಾಗಿದೆ ಕಣಪ್ಪಾ, ಆದರೆ ಅವರ ಉದ್ದೇಶ ಹಾಗಿರಲಿಕ್ಕಿಲ್ಲ" ಎಂದು ಅವರು ಆರಂಭಿಸಿದರು. "ಎರಡನೇದು ನಾನು ಹೇಳಲಿಲ್ಲ ಅಂಕಲ್" ಎಂದ ಹುಡುಗ. ಅವರು ಮತ್ತೆ ಹೇಳಿದರು; ಈ ಸಲ ಕೊನೆಯಲ್ಲಿ, ಧೈರ್ಯ ತಂದುಕೋ, ಕಾಲ ಎಲ್ಲವನ್ನೂ ಸರಿಮಾಡುತ್ತದೆ ಎಂಬ ಬುದ್ಧಿಮಾತು ಸೇರಿಕೊಂಡಿತು. ಹುಡುಗ ಅಲ್ಲವೆಂದು ತಲೆಯಾಡಿಸಿದ. ಹೀಗೆ ನಡೆಯುತ್ತಿದ್ದಂತೆ ಹಿರಿಯರ ಮುಖದಲ್ಲಿ ಕಿರಿಕಿರಿ ಕಾಣಿಸಿಕೊಂಡಿತು. ನಡೆಸಿಕೊಡುತ್ತಿದ್ದ ಮಹಿಳೆ ಅವರ ನೆರವಿಗೂ ಹೋಗಲಿಲ್ಲ, ಸಾಕು ಬಿಡಿ ಎಂದೂ ಹೇಳಲಿಲ್ಲ. ಹುಡುಗನಿಗೆ ಇನ್ನೊಂದು ಬಾರಿ ನಿಧಾನವಾಗಿ ಹೇಳುವಂತೆ ಕೇಳಿಕೊಂಡರು, ಅಷ್ಟೆ. ಹಿರಿಯರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದರು. ಆಮೇಲೆ ಅಂದರು: "ಕ್ಲಾಸ್ ಮುಗಿದ ಮೇಲೆ ಅವರು ಯಾರೂ ನಿನ್ನನ್ನು ಕರೆಯುವುದಿಲ್ಲ. ನೀನಾಗಿ ಕರೆದರೆ ಬರಲಿಕ್ಕಿಲ್ಲ ಅನ್ನುವ ಭಯಕ್ಕೆ ನೀನೂ ಕರೆಯುವುದಿಲ್ಲ. ಮನೆಯಲ್ಲಿ ಇದನ್ನು ಹೇಳಿಲ್ಲ, ಹೇಳಿದರೆ ಅಮ್ಮ ಕಾಲೇಜು ಬಿಡಿಸುತ್ತಾಳೆ." ಹುಡುಗ "ಹೌದು" ಅಂದ. ಆ ಹಿರಿಯರ ರಾಜಕೀಯ ಅಭಿಪ್ರಾಯ ಅಂದು ಬದಲಾಯಿತೆಂದು ನಾನು ಹೇಳಲಾರೆ, ಬದಲಾಗಿರಲಿಕ್ಕಿಲ್ಲ. ಆದರೆ ಸಮಜಾಯಿಷಿಯನ್ನೂ ಉಪದೇಶವನ್ನೂ ಸೇರಿಸದೆ ಇನ್ನೊಬ್ಬರ ನೋವನ್ನು ಅದಿದ್ದ ಹಾಗೆ ಬಾಯಲ್ಲಿ ಹಿಡಿಯಲು ಅವರಿಗೆ ಅಷ್ಟು ಹೊತ್ತು ಬೇಕಾಯಿತು, ಮತ್ತು ಆ ಹೊತ್ತನ್ನು ಕೊಡುವ ಧೈರ್ಯ ನಡೆಸಿಕೊಡುತ್ತಿದ್ದವರಿಗಿತ್ತು.

ಹಾಗೆಂದು ಬಲವಿದ್ದ ಕಡೆಯವರಿಗೆ ಹೇಳುವುದೇನೂ ಇರುವುದಿಲ್ಲವೆಂದು ನಾನು ವಾದಿಸುತ್ತಿಲ್ಲ. ಅವರಲ್ಲೂ ಸತ್ತವರಿರುತ್ತಾರೆ, ಭಯವಿರುತ್ತದೆ. ಒಂದು ಊರಿನಲ್ಲಿ ಹೆಚ್ಚಿನವರಾದವರು ಇನ್ನೊಂದು ಊರಿನಲ್ಲಿ ಬೆರಳೆಣಿಕೆಯವರಾಗಿರುತ್ತಾರೆ. ಯಾರು ಯಾವುದರಲ್ಲಿ ಬಲಶಾಲಿಗಳೆಂದು ಪ್ರತಿ ಸಭೆಗೂ ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ, ಮತ್ತು ಆ ಲೆಕ್ಕವೇ ಈ ಕೆಲಸದ ಬಹುಭಾಗ.

ಒಪ್ಪದೆ ಐದು ವರ್ಷ

ಒಮ್ಮತಕ್ಕೆ ಬಾರದ ಸಂವಾದದಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಹೇಳುವುದು ಬಾಸ್ಟನ್ನಿನ ಕಥೆ. 1994ರ ಡಿಸೆಂಬರ್ 30ರಂದು ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ, ಗರ್ಭಪಾತ ಸೇವೆ ನೀಡುತ್ತಿದ್ದ ಎರಡು ಚಿಕಿತ್ಸಾಲಯಗಳಿಗೆ ಬಂದೂಕುಧಾರಿಯೊಬ್ಬ ನುಗ್ಗಿ ಅಲ್ಲಿನ ಇಬ್ಬರು ಮಹಿಳಾ ಸಿಬ್ಬಂದಿಯನ್ನು ಕೊಂದ, ಇನ್ನೂ ಐವರನ್ನು ಗಾಯಗೊಳಿಸಿದ. ಅದರ ಮರುವರ್ಷ, ಗರ್ಭಪಾತದ ಹಕ್ಕಿನ ಪರವಾದ ಮೂವರು ಮತ್ತು ಅದನ್ನು ವಿರೋಧಿಸುವ ಮೂವರು, ಹೀಗೆ ಆರು ಮಂದಿ ಮಹಿಳಾ ಮುಂದಾಳುಗಳು ಗುಟ್ಟಾಗಿ ಭೇಟಿಯಾಗತೊಡಗಿದರು. ಲಾರಾ ಚೇಸಿನ್ ಮತ್ತು ಸೂಸನ್ ಪೊಡ್ಜಿಬಾ ಆ ಮಾತುಕತೆಗಳನ್ನು ನಡೆಸಿಕೊಟ್ಟರು. ಮೊದಲಿಗೆ ನಾಲ್ಕು ಸಲ ಸೇರೋಣವೆಂದುಕೊಂಡಿದ್ದವರು ಐದು ವರ್ಷಕ್ಕೂ ಮೀರಿ ಸೇರಿದರು. ಎದುರಿನವರನ್ನು ತಮ್ಮ ಕಡೆಗೆ ಎಳೆಯಲು ಯತ್ನಿಸಬಾರದು ಎಂಬ ಕಟ್ಟುಪಾಡಿಗೆ ಒಳಗಾಗಿ, ಗರ್ಭದಲ್ಲಿರುವುದನ್ನು ಏನೆಂದು ಕರೆಯಬೇಕು ಎಂಬಲ್ಲೇ ತೊಡಕಿದ್ದರೂ, ಮಾತು ಮುಂದುವರಿಸಿದರು. 2001ರ ಜನವರಿಯಲ್ಲಿ ಆರೂ ಮಂದಿ ಒಟ್ಟಾಗಿ ಪತ್ರಿಕೆಯಲ್ಲಿ ಲೇಖನ ಬರೆದಾಗಲೇ ಈ ವಿಷಯ ಹೊರಗೆ ತಿಳಿದದ್ದು.

ಗರ್ಭಪಾತದ ಬಗ್ಗೆ ಅವರಲ್ಲಿ ಯಾರೊಬ್ಬರ ನಿಲುವೂ ಬದಲಾಗಿರಲಿಲ್ಲ; ತಮ್ಮ ನಿಲುವುಗಳು ಇನ್ನೂ ಗಟ್ಟಿಯಾದವೆಂದೇ ಅವರು ಬರೆದುಕೊಂಡರು. ಬದಲಾದದ್ದು ಬೇರೆ. ಅವರು ಸಾರ್ವಜನಿಕವಾಗಿ ಮಾತಾಡುವ ಬಗೆ ಬದಲಾಯಿತು, ಎದುರಿನವರನ್ನು ರಾಕ್ಷಸರಂತೆ ಚಿತ್ರಿಸುವುದು ನಿಂತಿತು. ಹಿಂಸೆಯನ್ನು ಸಮರ್ಥಿಸುತ್ತಿದ್ದ ಹೊರರಾಜ್ಯದ ವ್ಯಕ್ತಿಯೊಬ್ಬ ಅಲ್ಲಿಗೆ ಬರುವ ಸೂಚನೆ ಸಿಕ್ಕಾಗ, ಗರ್ಭಪಾತ ವಿರೋಧಿ ಮುಂದಾಳುಗಳೇ ಅವನನ್ನು ಬರಬೇಡವೆಂದು ತಡೆದರು. ಅಪಾಯದ ಎಚ್ಚರಿಕೆ ಒಂದು ಪಾಳೆಯದಿಂದ ಇನ್ನೊಂದಕ್ಕೆ ಹೋಗಲು ದಾರಿಯೊಂದು ಅವರ ನಡುವೆ ಆಗಲೇ ತೆರೆದಿತ್ತು. ಅದಕ್ಕೆ ಒಮ್ಮತದ ಅಗತ್ಯವಿರಲಿಲ್ಲ. ನಮ್ಮ ಬಹುತೇಕ ಶಾಂತಿಸಭೆಗಳು ಮಧ್ಯಾಹ್ನದೊಳಗೆ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿಸಲು ಹೊರಡುವುದನ್ನು ಕಂಡಾಗ, ಭಿನ್ನಾಭಿಪ್ರಾಯವನ್ನು ಅದಿದ್ದಲ್ಲೇ ಬಿಟ್ಟು ಅದರ ಸುತ್ತ ಇಷ್ಟೆಲ್ಲ ಕಟ್ಟಿದ ಈ ಆರು ಜನರ ನೆನಪಾಗುತ್ತದೆ.

ಬಾಗಿಲು ತೆರೆಯುವ ಮೊದಲು

ಒಳ್ಳೆಯ ಮಾತುಕತೆಯ ಬಹುಭಾಗ ನಡೆಯುವುದು ಎರಡು ಕಡೆಯವರು ಭೇಟಿಯಾಗುವ ಮೊದಲು. ಬರುವ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕಂಡು, ಏನನ್ನು ಕೇಳಿದರೆ ನೀವು ಎದ್ದು ಹೋಗುತ್ತೀರಿ, ಏನನ್ನು ಹೇಳಲಾಗದಿದ್ದರೆ ಬಂದದ್ದು ವ್ಯರ್ಥವೆನಿಸುತ್ತದೆ, ನೀವು ಬರುವುದು ಯಾರಿಗೆ ತಿಳಿಯಬಾರದು ಎಂದು ಕೇಳದೆ ಸಭೆ ಕರೆಯುವುದು ಅಪಾಯಕಾರಿ. ಈ ಮೂರನೆಯ ಪ್ರಶ್ನೆಯನ್ನು ಕೇಳದ ಕಾರಣಕ್ಕೆ ಮನುಷ್ಯರ ಪ್ರಾಣಕ್ಕೇ ಕುತ್ತು ಬರಬಹುದು. ಬೆದರಿಕೆ ಹಾಕಿದವನನ್ನೂ ಬೆದರಿಕೆಗೆ ಒಳಗಾದವಳನ್ನೂ ಎದುರುಬದುರು ಕೂರಿಸಿ ಮಾತಾಡಿ ಎನ್ನುವ ಸಭೆ ನಡೆಯದಿರುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಮೊದಲು ಬೇಕಾದದ್ದು ರಕ್ಷಣೆ.

ಯಾರು ನಡೆಸಿಕೊಡಬೇಕು ಎಂಬುದೂ ಈ ಮೊದಲ ಕೆಲಸಕ್ಕೇ ಸೇರಿದ್ದು. ಕೀನ್ಯಾದ ಈಶಾನ್ಯದಲ್ಲಿರುವ ವಜೀರ್ ಎಂಬಲ್ಲಿ 1990ರ ದಶಕದ ಆರಂಭದಲ್ಲಿ ಸೋಮಾಲಿ ಕುಲಗಳ ನಡುವೆ ರಕ್ತಪಾತ ನಡೆಯುತ್ತಿದ್ದಾಗ, ದೇಖಾ ಇಬ್ರಾಹಿಂ ಅಬ್ದಿ ಮತ್ತು ಅವರ ಜೊತೆಗಿದ್ದ ಬೇರೆ ಬೇರೆ ಕುಲಗಳ ಹೆಂಗಸರು ಕೆಲಸ ಶುರುಮಾಡಿದ್ದು ಸಂತೆಯಿಂದ. ಯಾವ ಕುಲದ ಹೆಂಗಸಾದರೂ ಅಲ್ಲಿ ಭಯವಿಲ್ಲದೆ ಕೊಡುಕೊಳ್ಳುವಂತಿರಬೇಕೆಂದು ಅವರೇ ನಿಂತು ನೋಡಿಕೊಂಡರು. ಆಮೇಲೆ ಕುಲದ ಹಿರಿಯರ ಬಳಿಗೆ ಹೋದರು, ಯುವಕರನ್ನು ಕಂಡರು, ಸರ್ಕಾರದ ಅಧಿಕಾರಿಗಳನ್ನು ಒಳಗೆ ತಂದರು. ಹಿರಿಯರನ್ನು ಕೂಡಿಸಿದಾಗ ಮುಂದೆ ನಿಂತು ಮಾತಾಡಿದ್ದು ಅತಿ ಸಣ್ಣ ಕುಲವೊಂದರ ಹಿರಿಯರು, ಏಕೆಂದರೆ ಅವರಿಂದ ಯಾವ ದೊಡ್ಡ ಕುಲಕ್ಕೂ ಭಯವಿರಲಿಲ್ಲ. 1993ರಲ್ಲಿ ಹಿರಿಯರು ಒಪ್ಪಿದ ಅಲ್ ಫತಾಹ್ ಎಂಬ ಶಾಂತಿ ಘೋಷಣೆಯ ಹಿಂದೆ ಇಷ್ಟೆಲ್ಲ ಓಡಾಟವಿತ್ತು. ದೇಖಾ ಅವರಿಗೆ 2007ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2011ರಲ್ಲಿ ಅವರು ತೀರಿಕೊಂಡರು. ಅವರ ಕೆಲಸದ ಬಗ್ಗೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಆ ಸಂತೆ. ಎಲ್ಲಕ್ಕಿಂತ ಮೊದಲು ಅವರು, ದಿನವೂ ಬಾಧೆ ಪಡುತ್ತಿದ್ದವರ ಬಾಧೆಯನ್ನು ಅಂದಿನಿಂದಲೇ ಸ್ವಲ್ಪ ಕಡಿಮೆ ಮಾಡಿದರು. ಮಾತಿಗೆ ಬೆಲೆ ಬಂದದ್ದು ಆಮೇಲೆ.

ಕಾಲದ ಬಗ್ಗೆಯೂ ಒಂದು ಮಾತು. ತಜಿಕಿಸ್ತಾನದಲ್ಲಿ ಅಂತರ್ಯುದ್ಧ ಉರಿಯುತ್ತಿದ್ದ 1993ರ ಮಾರ್ಚಿನಲ್ಲಿ, ಹಿಂದೆ ಅಮೆರಿಕದ ರಾಜತಾಂತ್ರಿಕರಾಗಿದ್ದ ಹೆರಾಲ್ಡ್ ಸಾಂಡರ್ಸ್ ರಷ್ಯನ್ ಸಹೋದ್ಯೋಗಿಗಳ ಜೊತೆಗೂಡಿ ಎರಡೂ ಬಣಗಳ ಕೆಲವರನ್ನು ಮಾಸ್ಕೊದಲ್ಲಿ ಕೂಡಿಸಿದರು. ಬಂದವರಿಗೆ ಒಬ್ಬರ ಮುಖ ಒಬ್ಬರು ನೋಡುವುದೂ ಕಷ್ಟವಾಗಿತ್ತು. ಅವರು ಅಧಿಕೃತ ಪ್ರತಿನಿಧಿಗಳಾಗಿರಲಿಲ್ಲ, ಒಪ್ಪಂದ ಮಾಡಿಕೊಳ್ಳುವ ಅಧಿಕಾರವೂ ಇರಲಿಲ್ಲ. ಹಾಗಾಗಿ ಯೋಚಿಸುವ ಬಿಡುವಿತ್ತು. ಅದೇ ಗುಂಪನ್ನು ಮತ್ತೆ ಮತ್ತೆ ಕೂಡಿಸುತ್ತ ಹೋದರು. ವಿಶ್ವಸಂಸ್ಥೆಯ ಮಧ್ಯಸ್ಥಿಕೆಯಲ್ಲಿ ಅಧಿಕೃತ ಮಾತುಕತೆ ಆರಂಭವಾದದ್ದು ಒಂದು ವರ್ಷದ ನಂತರ, ಶಾಂತಿ ಒಪ್ಪಂದವಾದದ್ದು 1997ರ ಜೂನಿನಲ್ಲಿ. ಒಪ್ಪಂದವಾದ ಮೇಲೂ ಈ ಕೂಟ ನಿಲ್ಲಲಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಪ್ರತಿ ಸಲವೂ ಹೊಸಬರನ್ನು ಕರೆದು ಅದೇ ಮೊದಲ ಸಭೆಯನ್ನೇ ಮತ್ತೆ ನಡೆಸುತ್ತೇವೆ. ಎರಡನೆಯ, ಐದನೆಯ, ಹತ್ತನೆಯ ಸಭೆಯಲ್ಲಿ ಮಾತ್ರ ಹೊರಬರಬಲ್ಲ ಮಾತುಗಳಿಗೆ ಹೀಗಾಗಿ ಅವಕಾಶವೇ ಸಿಗುವುದಿಲ್ಲ.

ತಮ್ಮವರ ನಡುವೆ

ಸಂವಾದದ ಬಗ್ಗೆ ಬರೆಯುವವರು ಹೆಚ್ಚಾಗಿ ಕೋಣೆಯೊಳಗಿನದನ್ನೇ ಬರೆಯುತ್ತಾರೆ. ಭಾಗವಹಿಸುವವರಿಗೆ ನಿಜವಾದ ಕಷ್ಟ ಕಾದಿರುವುದು ಮನೆಗೆ ಹೋದ ಮೇಲೆ. ಎದುರಿನವರ ಮಾತನ್ನು ಕೇಳಿಸಿಕೊಂಡು ಬಂದವರನ್ನು ಅವರ ಜನ ಅನುಮಾನದಿಂದ ನೋಡುತ್ತಾರೆ, ಏನು ಬಿಟ್ಟುಕೊಟ್ಟು ಬಂದೆ ಎಂದು ಕೇಳುತ್ತಾರೆ. ಬಾಸ್ಟನ್ನಿನ ಆ ಮುಂದಾಳುಗಳು ಅಷ್ಟು ವರ್ಷ ಗುಟ್ಟು ಕಾಪಾಡಿದ್ದು ಇದೇ ಭಯಕ್ಕೆ. ಈ ಒತ್ತಡವೂ ಎರಡೂ ಕಡೆ ಒಂದೇ ತೂಕದ್ದಲ್ಲ: ದೊಡ್ಡ ಸಮುದಾಯದವನಿಗೆ ನಿಂದನೆ ಬಂದರೆ, ಸಣ್ಣ ಸಮುದಾಯದವಳಿಗೆ ಇರುವ ಒಂದೇ ಆಸರೆ ಕಳಚಿಹೋಗಬಹುದು.

ಆದ್ದರಿಂದ ನಾನು ಭಾಗವಹಿಸುವ ಸಭೆಗಳಲ್ಲಿ ಈಗ ಕೊನೆಯ ಭಾಗವನ್ನು ಇದಕ್ಕೆಂದೇ ಮೀಸಲಿಡುವಂತೆ ಕೇಳಿಕೊಳ್ಳುತ್ತೇನೆ. ಜಂಟಿ ಹೇಳಿಕೆಯಾಗಲಿ ಫೋಟೊ ಆಗಲಿ ಬೇಡ. ಪ್ರತಿಯೊಬ್ಬರೂ ಇಂದು ರಾತ್ರಿ ತಮ್ಮವರು ಕೇಳಿದರೆ ಏನು ಹೇಳುವೆವೆಂದು ಇಲ್ಲಿ ಎಲ್ಲರೆದುರು ಹೇಳಲಿ, ಅದರಲ್ಲಿ ತಮಗೆ ಅಪಾಯ ತರುವ ಮಾತೇನಾದರೂ ಇದ್ದರೆ ಎದುರಿನವರು ಅಲ್ಲೇ ತಿಳಿಸಲಿ, ಯಾರ ಯಾವ ನಷ್ಟವನ್ನು ಯಾವ ಅಧಿಕಾರಿಯ ಬಳಿ ಯಾರು ಕೂಡಿ ಹೋಗಿ ಕೇಳುತ್ತಾರೆ ಎಂಬುದು ಹೆಸರು ಸಮೇತ ತೀರ್ಮಾನವಾಗಲಿ. ಇದಕ್ಕೆ ಬಹಳ ಹೊತ್ತು ಹಿಡಿಯುತ್ತದೆ, ಆಯೋಜಕರು ಗಡಿಯಾರ ನೋಡತೊಡಗುತ್ತಾರೆ, ಎಷ್ಟೋ ಸಲ ಬೆಳಿಗ್ಗೆಯಿಂದ ತಡೆಹಿಡಿದಿದ್ದ ಜಗಳ ಹೊರಬರುವುದೂ ಇಲ್ಲೇ. ಬಂದರೆ ಬರಲಿ ಎನ್ನುತ್ತೇನೆ, ಏಕೆಂದರೆ ಮುಂದಿನ ಸಭೆಯಲ್ಲಿ ಯಾವ ವಿಷಯದಿಂದ ಮಾತು ಆರಂಭಿಸಬೇಕೆಂಬುದು ಆಗಲಾದರೂ ತಿಳಿದಿರುತ್ತದೆ.